ನೋಡೋ ದಿನ, ಕೇಳೋ ದಿನ

ನಾನು ಹಾಡಿದೆನೋ ಇಲ್ಲ ಬರೀ ಬಾಯಿ ಆಡಿಸಿದೆನೋ ಅನ್ನೋದು ನನಗೇ ಗೊತ್ತಿರಲಿಲ್ಲ. ನಗಬೇಡಿ. ನಮ್ಮೂರಲ್ಲಿ ಹುಟ್ಟಿ ಬೆಳೆದಿದ್ದರೆ ನಿಮಗೂ ಗೊತ್ತಾಗ್ತಿರಲಿಲ್ಲ. ನಮ್ಮಲ್ಲಿ ಮಾತು ಆಗಿಂದಾಗಲೇ ಕೇಳುತ್ತೆ, ಬೈಗುಳ ಕೇಳುತ್ತೆ, ಬಸ್ಸಿನ ಹಾರ್ನು ಕೇಳುತ್ತೆ. ಹಾಡು ಮಾತ್ರ ಮಾರನೇ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೇಳುತ್ತೆ. ತಾಯಂದಿರು ಇವತ್ತು ತೊಟ್ಟಿಲ ಪಕ್ಕ ಕೂತು ನಾಳೆಯ ನಿದ್ದೆಗೆ ಜೋಗುಳ ಹಾಡಿ ಇಟ್ಟಿರ್ತಾರೆ. ಮದುವೆಗೆ ಓಲಗದವರು ಹಿಂದಿನ ದಿನವೇ ಬಂದು ಖಾಲಿ ಮಂಟಪದ ಎದುರು ಊದಿ, ಊಟ ಮಾಡಿ ಹೋಗ್ತಾರೆ. ಶಾಲೆಯ ಶನಿವಾರದ ಪ್ರಾರ್ಥನೆ ಭಾನುವಾರ ವಾಚ್‌ಮನ್ ಒಬ್ಬನಿಗೇ ಕೇಳುತ್ತೆ, ಅವನು ಪಾಪ ಎದ್ದು ನಿಂತ್ಕೋತಾನೆ. ಮೊಬೈಲಲ್ಲಿ ರೆಕಾರ್ಡು ಮಾಡ್ತೀನಿ ಅಂತ ಹೊರಟವರ ಕಥೆ ಕೇಳಲೇಬೇಡಿ, ಒತ್ತಿದಾಗಲೆಲ್ಲ ಅದು ನಾಳೆಗೆ ಹೋಗುತ್ತೆ.

ಹೀಗಿರೋದರಿಂದ ಹಾಡುವಾಗ ನಮ್ಮ ಕಿವಿಗೆ ನಮ್ಮ ದನಿ ಬೀಳಲ್ಲ. ಹೋಗಲಿ ಮಾರನೇ ದಿನ ಬಂದು ಕೇಳೋಣ ಅಂದ್ರೆ ಅದಕ್ಕೂ ಅಡ್ಡಿ. ಹಾಡಿದವರು ತಮ್ಮ ಹಾಡು ತಾವು ಕೇಳಬಾರದು, ಕೇಳಿದರೆ ಮತ್ತೆ ಗಂಟಲು ಏಳಲ್ಲ ಅಂತ ಊರಿನ ನಂಬಿಕೆ. ಯಾರು ಪರೀಕ್ಷೆ ಮಾಡಿದಾರೋ ದೇವರಿಗೇ ಗೊತ್ತು. ಆದ್ರೂ ನಮ್ಮೂರಿನ ಹಾಡುಗಾರರೆಲ್ಲ ಮಾರನೇ ದಿನ ಹೊರಗೆ ನಿಂತು, ಕೇಳಿ ಬಂದವರ ಮುಖ ನೋಡಿ, "ಹೆಂಗಿತ್ತು? ಎರಡನೇ ಸಾಲು ಸರಿ ಬಂತಾ?" ಅಂತ ವಿಚಾರಿಸಿಕೊಂಡು ಮನೆಗೆ ಹೋಗೋರೇ.

ನನ್ನ ಹೆಸರು ವನಮಾಲಾ. ಡ್ರೈವಿಂಗ್ ಸ್ಕೂಲ್ ನಡೆಸ್ತೀನಿ. ಅರ್ಧ ಊರಿಗೆ ಕ್ಲಚ್ಚು ಬ್ರೇಕು ಹೇಳಿಕೊಟ್ಟವಳು ನಾನೇ, ಆದ್ದರಿಂದ ಅರ್ಧ ಊರು ನನ್ನ ಬಾಯಿಗೆ ಹೆದರುತ್ತೆ. ಈ ಬಾಯಿ ಇರೋದೇ ಎರಡು ಕೆಲಸಕ್ಕೆ, ಒಂದು ಬೈಯೋಕೆ, ಇನ್ನೊಂದು 'ಗುಜರಿ'ಯವರ ಹಾಡಿಗೆ. ಗುಜರಿ ಅಂದ್ರೆ ನಮ್ಮೂರಿನ ರಾಕ್ ಬ್ಯಾಂಡು. ಗುಜರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಶುರು ಮಾಡಿದ್ರಂತೆ, ಅದಕ್ಕೆ ಆ ಹೆಸರು. ನಾನು ಲಂಗ ದಾವಣಿ ಹಾಕ್ತಿದ್ದ ಕಾಲದಿಂದಲೂ ಹಾಡೋರು ಕ್ಲೆಮೆಂಟ್, ಊರಿಗೆಲ್ಲ ಕ್ಲೆಮಣ್ಣ. ಡ್ರಮ್ಮಿಗೆ ಜೀವಂಧರ. ಮಿಕ್ಕವರು ಬಂದ್ರು, ಹೋದ್ರು.

ಅವರು ಬಾರಿಸೋದು ಐಸ್ ಫ್ಯಾಕ್ಟರಿಯಲ್ಲಿ. ಹಿಂದೆ ನಿಜವಾಗಲೂ ಐಸ್ ಮಾಡ್ತಿದ್ರು, ಈಗ ಪಬ್ಬು. ಅಲ್ಲಿ ಶನಿವಾರ ನೋಡೋ ದಿನ, ಭಾನುವಾರ ಕೇಳೋ ದಿನ. ಶನಿವಾರ ಬ್ಯಾಂಡಿನವರು ಕುಣಿದು ಬಾರಿಸಿ ಬೆವರು ಸುರಿಸ್ತಾರೆ, ಏನೂ ಕೇಳಲ್ಲ. ಭಾನುವಾರ ಅಷ್ಟೂ ಕೇಳುತ್ತೆ, ಸ್ಟೇಜ್ ಮೇಲೆ ನರಪಿಳ್ಳೆ ಇರಲ್ಲ. ಸೋಮವಾರ ರಜಾ. ಯಾಕೆ ಅಂದ್ರೆ, ಭಾನುವಾರ ಕೇಳೋಕೆ ಬಂದವರೆಲ್ಲ ಖುಷಿಯಲ್ಲಿ ಜೊತೆಗೆ ಹಾಡಿರ್ತಾರಲ್ಲ, ಅದು ಸೋಮವಾರ ಸಂಜೆ ಮುಚ್ಚಿದ ಬಾಗಿಲ ಹಿಂದೆ ಕೇಳುತ್ತೆ. ತಾಳ ಇಲ್ಲ, ರಾಗ ಇಲ್ಲ, ಬರೀ ಕಿರುಚಾಟ. ಆ ಹೊತ್ತಿಗೆ ಆ ಬೀದಿಯಲ್ಲಿ ನಾಯಿಗಳೂ ಓಡಾಡಲ್ಲ.

ನಮ್ಮಮ್ಮ ನನ್ನನ್ನ ಕೇಳೋ ದಿನಕ್ಕೆ ಮಾತ್ರ ಕಳಿಸ್ತಿದ್ಲು. "ಸ್ಟೇಜ್ ಮೇಲೆ ಗಂಡಸರು ಇರಲ್ಲ ತಾನೇ? ಹಾಗಿದ್ರೆ ಹೋಗು" ಅನ್ನೋಳು. ಮದುವೆ ಆದ ಮೇಲೆ ಮಕ್ಕಳು, ಆಮೇಲೆ ಡ್ರೈವಿಂಗ್ ಸ್ಕೂಲು. ಶನಿವಾರ ಸಂಜೆ ಅಂದ್ರೆ ಆಫೀಸಿನವರೆಲ್ಲ ಕಾರು ಕಲಿಯೋಕೆ ಬರೋ ಹೊತ್ತು. ಅಂತೂ ಗುಜರಿಯ ಹಾಡು ಒಂದೊಂದು ಅಕ್ಷರವೂ ನನಗೆ ಬಾಯಿಪಾಠ, ಆದ್ರೆ ಕ್ಲೆಮಣ್ಣನ ಮುಖ ಹೆಂಗಿದೆ ಅಂತ ನಾನು ನೋಡೇ ಇರಲಿಲ್ಲ. ಆಮೇಲೆ ಅವರಿಗೆ ಗಂಟಲ ಆಪರೇಷನ್ ಆಯ್ತು, ಬ್ಯಾಂಡು ನಿಂತುಹೋಯ್ತು, ಇನ್ನು ಮುಗೀತು ಅಂತ ಊರೇ ಅಂದುಕೊಂಡಿತ್ತು.

ಮೊನ್ನೆ ಜುಬೇದಾ ಬಂದು ಎರಡು ಟಿಕೆಟ್ ಮೇಜಿನ ಮೇಲೆ ಇಟ್ಟಳು. ಜುಬೇದಾ ನನ್ನ ಬಾಲ್ಯದ ಗೆಳತಿ, ಬ್ಯಾಂಕಿನಲ್ಲಿದ್ದಾಳೆ, ಕೇಳೋ ದಿನಕ್ಕೆಲ್ಲ ನಾವಿಬ್ಬರೂ ಒಟ್ಟಿಗೇ ಹೋಗ್ತಿದ್ವಿ.

"ಈ ಶನಿವಾರ. ನೋಡೋ ದಿನ" ಅಂದ್ಲು.

"ಯಾರು ಬಾರಿಸ್ತಿದಾರೆ?"

"ಯಾರು ಅಂದ್ರೆ? ಗುಜರಿ ಕಣೇ! ಕ್ಲೆಮಣ್ಣ ಮತ್ತೆ ಹಾಡ್ತಾರಂತೆ. ಆದ್ರೆ ಇದೇ ಕಡೇ ಅವಕಾಶ. ಭಾನುವಾರ ಕೇಳೋಕೆ ಚೆನ್ನಾಗಿದ್ರೆ ತಿಂಗಳಿಗೊಂದು ಶನಿವಾರ ಅವರಿಗೆ ಕೊಡ್ತಾನಂತೆ ಪಬ್ಬಿನ ಶೇಷಗಿರಿ. ಇಲ್ಲದಿದ್ರೆ ಸ್ಟೇಜ್ ಒಡೆಸಿ ದೊಡ್ಡ ಟಿವಿ ಹಾಕಿಸ್ತಾನೆ, ಕ್ರಿಕೆಟ್ಟಿಗೆ."

ಶನಿವಾರದ ಕ್ಲಾಸುಗಳನ್ನೆಲ್ಲ ರದ್ದು ಮಾಡಿದೆ. ಹಸಿರು ಸೀರೆ ಉಟ್ಟೆ. ಈ ವಯಸ್ಸಿಗೆ ಪಬ್ಬಿಗೆ ಹೊರಟವಳನ್ನ ನಮ್ಮ ಮನೆಯವರು ಮೇಲಿಂದ ಕೆಳಗೆ ನೋಡಿ, "ಏನೂ ಕೇಳದೇ ಇರೋದನ್ನ ನೋಡೋಕೆ ಇಷ್ಟು ಅಲಂಕಾರಾನಾ?" ಅಂದ್ರು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಐಸ್ ಫ್ಯಾಕ್ಟರಿ ಬಾಗಿಲಲ್ಲಿ ಒಬ್ಬೊಬ್ಬರ ಕೈಗೂ ಒಂದು ಒಣಕೊಬ್ಬರಿ ಚೂರು ಕೊಡ್ತಿದ್ರು. ನನಗೆ ಅರ್ಥ ಆಗಲಿಲ್ಲ. ಪ್ರಸಾದ ಇರಬೇಕು ಅಂತ ಕಣ್ಣಿಗೆ ಒತ್ತಿಕೊಂಡೆ, ಹಿಂದೆ ನಿಂತಿದ್ದವನು ಕಿಸಕ್ಕಂದ. ಜುಬೇದಾ ಹೇಳಿದ್ಲು, "ಬಾಯಲ್ಲಿ ಇಟ್ಕೊಂಡಿರು. ನೋಡೋ ದಿನ ಯಾರೂ ಬಾಯಿ ಬಿಟ್ಟು ಹಾಡಬಾರದು. ಹಾಡಿದ್ರೆ ನಾಳೆ ಬ್ಯಾಂಡಿನ ಜೊತೆ ನಿನ್ನ ದನೀನೂ ಕೇಳುತ್ತೆ." ನನಗೆ ಮೊನ್ನೆಯಷ್ಟೇ ಹಲ್ಲಿಗೆ ಕ್ಯಾಪ್ ಹಾಕಿಸಿದ್ರು, ಕೊಬ್ಬರಿ ಕಡಿಯೋ ಹಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿರೋಕೆ ಕೊಬ್ಬರಿ ಯಾಕೆ ಬೇಕು ಅಂದ್ಕೊಂಡು ಚೂರನ್ನ ವ್ಯಾನಿಟಿ ಬ್ಯಾಗಿಗೆ ಹಾಕಿದೆ.

ಏಳು ಗಂಟೆಗೆ ಬ್ಯಾಂಡಿನವರು ಬಂದ್ರು. ಎತ್ತರದ ಒಬ್ಬ, ಉದ್ದ ಬಿಳಿ ಕೂದಲು, ತೋಳಿಲ್ಲದ ಅಂಗಿ. ಇವರೇ ಕ್ಲೆಮಣ್ಣ ಅಂತ ನನ್ನ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ಎದ್ದು ನಿಂತು ಎರಡೂ ಕೈ ಬೀಸಿದೆ. ಅವರೂ ಕೋಲು ಎತ್ತಿ ಬೀಸಿದ್ರು. ಕೋಲು ಯಾಕೆ ಅಂತ ಯೋಚನೆ ಮಾಡೋ ಅಷ್ಟರಲ್ಲಿ ಅವರು ಹೋಗಿ ಡ್ರಮ್ಮಿನ ಹಿಂದೆ ಕೂತ್ರು. ಅದು ಜೀವಂಧರ. ಮೈಕಿನ ಮುಂದೆ ಬಂದು ನಿಂತವರು ಕುಳ್ಳಗೆ, ಬೊಕ್ಕತಲೆ, ಮೂಗಿನ ತುದಿಯಲ್ಲಿ ಕನ್ನಡಕ, ಕೊರಳಿಗೆ ಸಡಿಲವಾಗಿ ಇಳಿಬಿಟ್ಟ ಕಂದು ಮಫ್ಲರು. ಅಂಚೆ ಕಚೇರಿಯಲ್ಲಿ ಸ್ಟಾಂಪು ಒತ್ತೋರ ಹಾಗಿದ್ರು.

"ಇವರಾ?" ಅಂದೆ.

"ಮತ್ತೆ ಯಾರು?"

"ಆ ದನಿ ಈ ಮೈಯಿಂದ ಬರ್ತಿತ್ತಾ?"

ಜುಬೇದಾ ಕೊಬ್ಬರಿ ಅಗೀತಾ ಸುಮ್ಮನಿರು ಅಂತ ಸನ್ನೆ ಮಾಡಿದ್ಲು.

ಶುರುವಾಯ್ತು. ಶುರುವಾಯ್ತು ಅನ್ನೋದು ಅವರ ಕೈಕಾಲು ಅಲ್ಲಾಡಿದ್ದರಿಂದ ಗೊತ್ತಾಯ್ತು. ಜೀವಂಧರ ಕೋಲೆತ್ತಿ ಬಡಿದ್ರು, ಗಿಟಾರಿನವನು ಬಗ್ಗಿ ಎದ್ದ, ಕ್ಲೆಮಣ್ಣ ಬಾಯಿ ತೆರೆದ್ರು. ಸದ್ದು ಅಂದ್ರೆ ಫ್ಯಾನಿನದ್ದು, ಗ್ಲಾಸಿನದ್ದು, ಜನ ಕೊಬ್ಬರಿ ಅಗಿಯೋದು, ಇಷ್ಟೇ. ಯಾವ ಹಾಡು ಅಂತ ನನಗೆ ತಿಳೀತಾನೇ ಇಲ್ಲ. ಎಷ್ಟೋ ವರ್ಷ ಕಿವಿಯಲ್ಲೇ ಇಟ್ಟುಕೊಂಡ ಹಾಡುಗಳು, ಎದುರಿಗೆ ಬಂದು ನಿಂತಾಗ ಗುರುತೇ ಸಿಗಲಿಲ್ಲ ಅಂದ್ರೆ ಎಂಥಾ ಅವಮಾನ! ಸುತ್ತ ಇದ್ದ ಹಳೇ ನೋಡುಗರು ಆರಾಮಾಗಿ ತಲೆದೂಗ್ತಿದ್ರು. ಪಕ್ಕದವರನ್ನ ಕೇಳಿದೆ, ಅವರು ಕೊಬ್ಬರಿ ಬಾಯಲ್ಲೇ ಏನೋ ಹೇಳಿದ್ರು. ಮೂರನೇ ಹಾಡಿಗೆ ಕ್ಲೆಮಣ್ಣ ಕಣ್ಣು ಮುಚ್ಚಿ ಎದೆ ಮೇಲೆ ಕೈ ಇಟ್ಟುಕೊಂಡ್ರು. ಇದು ತಾಯಿ ಸತ್ತ ಹಾಡು ಅಂತ ನಾನು ಗಳಗಳ ಅತ್ತೆ. ಅಳು ಬಂದಿದ್ದಕ್ಕೆ ಅರ್ಧ ಗ್ಲಾಸು ಬಿಯರು ಕುಡಿದೆ. ಕಹಿ. ಇನ್ನರ್ಧವನ್ನೂ ಕುಡಿದೆ.

"ಕತ್ತು ನೋಡೇ" ಅಂದ್ಲು ಜುಬೇದಾ. "ನೋಡೋ ದಿನದವರು ಕತ್ತು ನೋಡೇ ಹೇಳ್ತಾರಂತೆ, ದನಿ ಹೊರಡ್ತಿದೆಯೋ ಇಲ್ವೋ ಅಂತ." ನಿಜ. ಕ್ಲೆಮಣ್ಣನ ಕೊರಳಿನ ಎರಡೂ ಪಕ್ಕ ನರ ಉಬ್ಬಿ ನಿಲ್ತಿದ್ವು, ಇಳೀತಿದ್ವು. ಒಂದು ಪಕ್ಕದಲ್ಲಿ ಆಪರೇಷನ್ನಿನ ಹೊಲಿಗೆ ಗುರುತು.

ಆಮೇಲೆ ಅವರು ಮಫ್ಲರನ್ನ ಬಿಗಿಯಾಗಿ ಸುತ್ತಿಕೊಂಡ್ರು, ಗದ್ದದವರೆಗೂ. ಎಸಿ ಗಾಳಿಗೆ ಚಳಿ ಆಗಿರಬೇಕು ಅಂದ್ಕೊಂಡೆ. ಮತ್ತೆ ಬಾಯಿ ತೆರೆದ್ರು. ಈ ಸಲ ತುಟಿ ನೋಡಿದ ತಕ್ಷಣ ನನಗೆ ಮಿಂಚು ಹೊಡೆದ ಹಾಗೆ ಗೊತ್ತಾಗಿಬಿಡ್ತು. 'ಕೊನೇ ಸ್ಟಾಪು'! ನನ್ನ ಹಾಡು. ನಾನು ಲೈಸೆನ್ಸ್ ತಗೊಂಡ ದಿನ, ಅಮ್ಮ ಹೋದ ದಿನ, ಮೊದಲನೇ ಕಾರು ಕೊಂಡ ದಿನ ಮನಸ್ಸಿನಲ್ಲಿ ಓಡಿದ್ದು ಇದೇ. ಮೂರನೇ ನುಡಿಯಲ್ಲಿ ದನಿ ಮೇಲಕ್ಕೆ, ಮೇಲಕ್ಕೆ ಹೋಗುತ್ತೆ, "ಇಳಿಯಬೇಡ, ಇಳಿಯಬೇಡ, ಡ್ರೈವರು ಇನ್ನೂ ಇಳಿದಿಲ್ಲ" ಅಂತ. ಅಲ್ಲಿ ಯಾವಾಗಲೂ ನನ್ನ ಮೈ ರೋಮ ನಿಮಿರುತ್ತೆ. ಆ ನುಡಿ ಬರ್ತಿದ್ದ ಹಾಗೇ ನಾನು ಎದ್ದು ಕುರ್ಚಿ ದಾಟಿ ಸ್ಟೇಜಿನ ಹತ್ತಿರ ಹೋದೆ. ಕ್ಲೆಮಣ್ಣ ನನ್ನನ್ನೇ ನೋಡಿದ್ರು. ನನ್ನ ಬಾಯಿಯನ್ನೇ ನೋಡ್ತಿದ್ರು, ಕಣ್ಣು ಕೀಳದೆ. ಆ ನುಡಿ ಮುಗಿಯೋವರೆಗೂ ನಾವಿಬ್ಬರೂ ಎದುರುಬದುರು ಬಾಯಿ ಆಡಿಸ್ತಾನೇ ಇದ್ವಿ. ಇಡೀ ಊರಿನಲ್ಲಿ ನನ್ನಷ್ಟು ಪುಣ್ಯವಂತೆ ಯಾರೂ ಇಲ್ಲ ಅನ್ನಿಸ್ತು.

ಮನೆಗೆ ಬಂದು ಮಲಗಿದವಳಿಗೆ ಬೆಳಿಗ್ಗೆ ಹಾಲು ಕಾಯಿಸೋ ಹೊತ್ತಿಗೆ ಧಸಕ್ಕಂತು. ಬಾಯಿ ಆಡಿಸಿದೆ ಸರಿ. ಬರೀ ಆಡಿಸಿದ್ನಾ? ಹಾಡಿಬಿಟ್ನಾ? ಬ್ಯಾಗು ತಡಕಿದೆ, ಕೊಬ್ಬರಿ ಚೂರು ಇದ್ದ ಹಾಗೇ ಇತ್ತು. ಕೇಳೋ ದಿನದಲ್ಲಿ ಬಾಯಿ ಬಿಟ್ಟು ಹಾಡಿ ಹಾಡಿ ಅಭ್ಯಾಸ ಆದವಳು ನಾನು, ಅಲ್ಲಿ ಯಾರೂ ಬೇಡ ಅನ್ನಲ್ಲ. ನಿನ್ನೆಯೂ ಅದೇ ಅಭ್ಯಾಸಬಲದಲ್ಲಿ... ಅಯ್ಯೋ ದೇವರೇ! ಕ್ಲೆಮಣ್ಣನ ದನಿಯ ಮೇಲೆ ನನ್ನ ಕಿರುಚಾಟ ಬಂದು ಬಿದ್ರೆ ಶೇಷಗಿರಿ ಏನಂತಾನೆ? ಬ್ಯಾಂಡಿನವರ ಕಡೇ ಅವಕಾಶಕ್ಕೆ ನಾನೇ ಮಣ್ಣು ಹಾಕಿದ ಹಾಗಾಗಲ್ವಾ?

"ರೀ, ನನ್ನ ಗಂಟಲು ಒಡೆದಿದೆಯಾ ನೋಡಿ" ಅಂದೆ ನಮ್ಮ ಮನೆಯವರಿಗೆ.

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಒಡೆದಿದೆ."

"ಹಾಗಿದ್ರೆ ಹಾಡಿದೀನಿ!"

"ಬಿಯರು ತಣ್ಣಗಿತ್ತು ಅಂದೆಯಲ್ಲ, ಅದಕ್ಕಿರಬಹುದು. ಇಲ್ಲ ಶುಕ್ರವಾರ ಆ ಗಡ್ಡದವನಿಗೆ ರಿವರ್ಸ್ ಹೇಳಿಕೊಡುವಾಗ ಬೈದೆಯಲ್ಲ, ಅದಕ್ಕೂ ಇರಬಹುದು."

ಜುಬೇದಾಗೆ ಫೋನ್ ಮಾಡಿದೆ. "ನಾನು ಡ್ರಮ್ಮಿನವರನ್ನ ನೋಡ್ತಿದ್ದೆ ಕಣೇ" ಅಂದ್ಲು ನಾಚಿಕೆ ಇಲ್ಲದೆ. "ನೀನು ಎದ್ದು ಹೋಗಿದ್ದೇ ನನಗೆ ಗೊತ್ತಿಲ್ಲ."

"ಹಾಡಿದ್ರೆ ನಾನು ಇವತ್ತು ಬರೋ ಹಾಗಿಲ್ಲ. ನನ್ನ ದನಿ ನಾನೇ ಕೇಳಿದ ಹಾಗಾಗುತ್ತೆ. ಹಾಡಿರದೇ ಇದ್ರೆ, ಸುಮ್ಮಸುಮ್ಮನೆ ಮನೆಯಲ್ಲಿ ಕೂತು ಕ್ಲೆಮಣ್ಣನ ಹಾಡು ತಪ್ಪಿಸಿಕೊಂಡ ಹಾಗಾಗುತ್ತೆ. ಏನು ಮಾಡ್ಲೇ?"

"ಬಾ. ನಿನ್ನ ಗಂಟಲು ಏಳದೇ ಹೋದ್ರೆ ಊರಿಗೇನು ನಷ್ಟ?"

ಹೋದೆ. ಐಸ್ ಫ್ಯಾಕ್ಟರಿಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕ್ಲೆಮಣ್ಣ, ಜೀವಂಧರ ಕೂತಿದ್ರು. ಕ್ಷಮೆ ಕೇಳಿಬಿಡೋಣ ಅಂತ ಹತ್ತಿರ ಹೋದೆ. ಕ್ಲೆಮಣ್ಣ ಮಫ್ಲರನ್ನ ಕಿವಿಗೆ ಸುತ್ತಿಕೊಂಡು ನೆಲ ನೋಡ್ತಿದ್ರು, ಟೀ ಮೇಲೆ ಕೆನೆ ಕಟ್ಟಿತ್ತು. "ಈಗ ಮಾತಾಡಿಸಬೇಡಿ ಅಮ್ಮ" ಅಂದ್ರು ಜೀವಂಧರ, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ." ನಾನು ಹಾಗೇ ತಿರುಗಿ ಒಳಗೆ ಹೋದೆ.

ಒಳಗೆ ತುಂಬಿತ್ತು. ಹಿಂದೆ ಹೆಂಗಸರು, ಮಕ್ಕಳು, ಕಡಲೇಕಾಯಿ ತಟ್ಟೆಗಳು, ಎಲ್ಲ ಹಳೇ ಕಾಲದ ಹಾಗೇ. ಶೇಷಗಿರಿ ಕೈ ಕಟ್ಟಿಕೊಂಡು ಕೌಂಟರಿನ ಹತ್ತಿರ ನಿಂತಿದ್ದ. ಖಾಲಿ ಸ್ಟೇಜಿನ ಮೇಲೆ ಒಂದೇ ಒಂದು ಮೈಕು. ಏಳು ಹೊಡೀತಿದ್ದ ಹಾಗೇ ಗಿಟಾರು ಎದ್ದಿತು, ಡ್ರಮ್ಮು ಬಿತ್ತು, ಅದರ ಮೇಲೆ ಕ್ಲೆಮಣ್ಣನ ದನಿ ಬಂತು. ತಳ ಹಿಡಿದ ಬಾಣಲೆ ಕೆರೆದ ಹಾಗೆ ಒರಟಾಗಿತ್ತು, ಆದ್ರೆ ಬಂತು! ಜನ ಹೋ ಅಂದ್ರು. ನಾನು ಕಣ್ಣು ಒರೆಸಿಕೊಂಡೆ. ಇನ್ನೊಂದು ವಿಷಯ ಹೇಳಬೇಕು. ನಿನ್ನೆ ನಾನು ಗಳಗಳ ಅತ್ತ ಮೂರನೇ ಹಾಡು ತಾಯಿ ಸತ್ತ ಹಾಡಲ್ಲವೇ ಅಲ್ಲ, ಮೀನು ಸಾರಿನ ಹಾಡು.

ಜನರೆಲ್ಲ ಜೊತೆಗೆ ಬಾಯಿ ಬಿಟ್ಟು ಹಾಡ್ತಿದ್ರು. ನಾನು ಮಾತ್ರ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದೆ.

'ಕೊನೇ ಸ್ಟಾಪು' ಶುರುವಾಯ್ತು. ಮೊದಲನೇ ನುಡಿ ಕ್ಲೆಮಣ್ಣನದ್ದೇ, ನನ್ನ ದನಿ ಇಲ್ಲ. ಎರಡನೇದು, ಇಲ್ಲ. ಅಬ್ಬಾ, ಬದುಕಿದೆ ಅಂದ್ಕೊಂಡೆ. ಮೂರನೇ ನುಡಿಗೆ ಗಿಟಾರು ಮೇಲಕ್ಕೆ ಹತ್ತಿತು. ದನಿ ಇಲ್ಲ. ನನ್ನದಲ್ಲ, ಕ್ಲೆಮಣ್ಣನದ್ದೇ ಇಲ್ಲ. ಡ್ರಮ್ಮು ಒಂದೇ ಬಡೀತಿದೆ, ಮೈಕಿನ ಜಾಗದಲ್ಲಿ ಶಬ್ದವೇ ಇಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದ್ರು. ಶೇಷಗಿರಿ ಕಟ್ಟಿದ ಕೈ ಬಿಚ್ಚಿದ. ನನಗೆ ಮಫ್ಲರು ನೆನಪಾಯ್ತು. ಎಸಿ ಗಾಳಿಗಲ್ಲ, ಕತ್ತು ಮುಚ್ಚೋಕೆ. ನರ ಏಳದೇ ಹೋದ್ರೆ ಯಾರಿಗೂ ಕಾಣಬಾರದು ಅಂತ.

ಆಗ ಸ್ಟೇಜಿನ ಕೆಳಗಿನ ಖಾಲಿ ಜಾಗದಿಂದ ಒಂದು ಹೆಂಗಸಿನ ದನಿ ಎದ್ದಿತು. ದಪ್ಪ ದನಿ. ಯಾರಿಗೋ ಬ್ರೇಕು ಒತ್ತು ಅಂತ ಕೂಗಿದ ಹಾಗೆ. ಇಳಿಯಬೇಡ, ಇಳಿಯಬೇಡ. ರಾಗ ಒಂದು ಕೂದಲಷ್ಟು ಪಕ್ಕಕ್ಕೆ ಹೋಗಿತ್ತು, ಆದ್ರೂ ಮೇಲಕ್ಕೆ, ಮೇಲಕ್ಕೆ ಹೋಗ್ತಾನೇ ಇತ್ತು. ಯಾರಪ್ಪಾ ಇವಳು ಅಂತ ನಾನೂ ಎಲ್ಲರ ಹಾಗೆ ಕತ್ತು ಉದ್ದ ಮಾಡಿ ನೋಡಿದೆ. ಯಾರೂ ಇರಲಿಲ್ಲ. ಜುಬೇದಾ ನನ್ನ ತೊಡೆ ಚಿವುಟಿದ ಮೇಲೇ ನನಗೆ ಹೊಳೆದದ್ದು, ಅದು ನಾನು ಅಂತ.

ಭೂಮಿ ಬಾಯಿ ಬಿಟ್ಟಿದ್ರೆ ಅಲ್ಲೇ ಇಳಿದುಹೋಗ್ತಿದ್ದೆ. ಕಿವಿ ಮುಚ್ಚಿಕೊಂಡೆ, ಮತ್ತೆ ತೆಗೆದೆ. ಹಿಂದೆ ಯಾರೋ ನಕ್ಕರು. ಆಮೇಲೆ ಕುರ್ಚಿ ಎಳೆದ ಸದ್ದಾಯ್ತು. ತಿರುಗಿ ನೋಡಿದ್ರೆ ಎರಡನೇ ಸಾಲಿನ ಮುದುಕಿಯೊಬ್ಬಳು ಎದ್ದು ನಿಂತು ಬಾಯಿ ತೆರೆದಿದ್ದಾಳೆ. ಪಕ್ಕದವರು ಎದ್ದರು. ಅವರ ಹಿಂದಿನವರು ಎದ್ದರು. ಇಡೀ ಐಸ್ ಫ್ಯಾಕ್ಟರಿ ನಿಂತು, ಎಲ್ಲರ ಬಾಯೂ ಒಟ್ಟಿಗೆ ತೆರೀತಾ ಮುಚ್ತಾ ಇತ್ತು, ಕೇಳ್ತಿದ್ದದ್ದು ಮಾತ್ರ ನನ್ನ ಒಬ್ಬಳ ದನಿ. ಹಾಡು ಮುಗಿದಾಗ ಚಪ್ಪಾಳೆಗೆ ಗ್ಲಾಸುಗಳು ಅದುರಿದ್ವು.

"ಆ ಹೆಂಗಸು ಯಾರು?" ಅಂತ ಶೇಷಗಿರಿ ಎಲ್ಲರನ್ನೂ ಕೇಳ್ತಾ ಬಂದ. ನನ್ನನ್ನೂ ಕೇಳಿದ. ಗೊತ್ತಿಲ್ಲಪ್ಪ ಅಂದೆ. "ಯಾರಾದ್ರೂ ಆಗಲಿ. ಮುಂದಿನ ತಿಂಗಳು ಬರಲಿ ಗುಜರಿಯವರು. ಆದ್ರೆ ಆಕೇನೂ ಬರಬೇಕು" ಅಂತ ಹೇಳಿ ಹೋದ. ಖುಷಿ ಪಡಬೇಕೋ ಅಳಬೇಕೋ ತಿಳೀಲಿಲ್ಲ.

ಹೊರಗೆ ಟೀ ಅಂಗಡಿಯ ಹತ್ತಿರ ಜನ ಕ್ಲೆಮಣ್ಣನ ಕೈ ಕುಲುಕ್ತಿದ್ರು. ಹೆಣ್ಣಿನ ದನಿ ತಂದಿದ್ದು ಬಹಳ ಚೆನ್ನಾಗಿತ್ತು ಅಂತ ಒಬ್ಬ ಅಂದ, ಮೊದಲೇ ಯಾಕೆ ತರಲಿಲ್ಲ ಅಂತ ಇನ್ನೊಬ್ಬ. ಕ್ಲೆಮಣ್ಣ ಎಲ್ಲರಿಗೂ ತಲೆ ಆಡಿಸ್ತಿದ್ರು, ಕಣ್ಣು ಮಾತ್ರ ಕಕ್ಕಾಬಿಕ್ಕಿ. ಜನ ಕರಗಿದ ಮೇಲೆ ನಾನು ಮುಂದೆ ಹೋದೆ. ನನ್ನನ್ನ ನೋಡಿ ಎದ್ದು ನಿಂತ್ರು.

"ನಿನ್ನೆ ಮುಂದೆ ಬಂದಿದ್ರಲ್ಲ, ಹಸಿರು ಸೀರೆ. ನೀವಾ?"

"ನಾನೇ. ತಪ್ಪಾಯ್ತು ಕ್ಲೆಮಣ್ಣ. ಕೊಬ್ಬರಿ ತಿನ್ನಲಿಲ್ಲ, ಹಲ್ಲು ನೋವಿತ್ತು."

"ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಎಲ್ಲರೂ ಚೆನ್ನಾಗಿತ್ತು ಅಂತಾರೆ, ಯಾರೂ ಸರಿಯಾಗಿ ಹೇಳ್ತಿಲ್ಲ. ಮೂರನೇ ನುಡಿಯಲ್ಲಿ ನನ್ನದು ಒಂಚೂರಾದ್ರೂ ಬಂತಾ? ಮೇಲಿನ ಜಾಗಕ್ಕೆ ಬಂದಾಗ ಹೆದರಿಕೆ ಆಯ್ತು. ಹೊಲಿಗೆ ಬಿಟ್ಟುಹೋಗುತ್ತೆ ಅನ್ನಿಸ್ತು. ನಿಮ್ಮ ಬಾಯಿ ನೋಡಿಕೊಂಡು ನನ್ನ ಬಾಯಿ ಆಡಿಸಿದೆ. ದನಿ ಬಿಟ್ಟೆನೋ ಇಲ್ವೋ, ನನಗೇ ಗೊತ್ತಾಗ್ತಿಲ್ಲ."

ಬಂತು ಅಂದುಬಿಡೋದು ಸುಲಭ ಇತ್ತು. ಆದ್ರೆ ಬ್ರೇಕು ಒತ್ತದವನಿಗೆ ಒತ್ತಿದೆ ಅಂತ ನಾನು ಯಾವತ್ತೂ ಹೇಳಿದವಳಲ್ಲ.

"ಬರಲಿಲ್ಲ. ಮೂರನೇ ನುಡಿ ಪೂರ್ತಿ ನನ್ನದೇ."

ಕ್ಲೆಮಣ್ಣ ಬೆಂಚಿನ ಮೇಲೆ ಕೂತ್ರು. ಜೀವಂಧರ ಬೇರೆ ಕಡೆ ನೋಡಿದ್ರು.

"ಸರಿ. ಹಾಗಿದ್ರೆ ನಿಲ್ಲಿಸ್ತೀನಿ. ಶೇಷಗಿರಿಗೆ ನಾಳೆ ಹೇಳ್ತೀನಿ" ಅಂದ್ರು ಕ್ಲೆಮಣ್ಣ. ಕೋಪ ಇಲ್ಲ, ಏನಿಲ್ಲ, ಅಂಗಡಿ ಬಾಗಿಲು ಎಳೆದ ಹಾಗೆ.

ನನಗೆ ರೇಗಿಹೋಯ್ತು. "ನಿಲ್ಲಿಸ್ತಾರಂತೆ! ನಾಳೆ ಸಂಜೆ ಏನು ಕೆಲಸ ನಿಮಗೆ?"

"ನಾಳೆ ಸೋಮವಾರ."

"ಅದಕ್ಕೇ ಕೇಳಿದ್ದು. ಕಾರು ತರ್ತೀನಿ, ರೆಡಿಯಾಗಿರಿ. ನಿಮ್ಮ ಹಾಡು ನೀವು ಕೇಳಬಾರದು, ಸರಿ. ನಾಳೆ ಕೇಳೋದು ಇವತ್ತು ಜನ ಹಾಡಿದ್ದು, ನಿಮ್ಮದಲ್ಲ, ನನ್ನದೂ ಅಲ್ಲ. ಇವತ್ತು ನಾನು ಬಾಯೇ ಬಿಟ್ಟಿಲ್ಲ."

ಸೋಮವಾರ ಕರಕೊಂಡು ಬಂದೆ. ಕಲಿಸೋ ಕಾರಾದ್ದರಿಂದ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕಿದೆ. ಅಲ್ಲಿ ಕೂತ ಕ್ಲೆಮಣ್ಣ ಪ್ರತಿ ತಿರುವಿನಲ್ಲೂ ಅದನ್ನ ಒತ್ತಿ ಒತ್ತಿ ನನ್ನ ತಲೆ ಕೆಡಿಸಿದ್ರು. ಬೀದಿಯಲ್ಲಿ ನಾವಿಬ್ಬರು ಬಿಟ್ಟರೆ ಯಾರೂ ಇಲ್ಲ. ಐಸ್ ಫ್ಯಾಕ್ಟರಿಯ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕೂತ್ವಿ. ಏಳಕ್ಕೆ ಸರಿಯಾಗಿ ಒಳಗೆ ಶುರುವಾಯ್ತು. ಗಿಟಾರಿಲ್ಲ, ಡ್ರಮ್ಮಿಲ್ಲ, ಬರೀ ಜನ. ಒಬ್ಬರು ಮುಂದೆ, ಒಬ್ಬರು ಹಿಂದೆ, ಮಕ್ಕಳು ಮಧ್ಯೆ ಕೀಚಲು. ಕ್ಲೆಮಣ್ಣ ಹಣೆ ಗಂಟಿಕ್ಕಿಕೊಂಡು ಕೇಳಿದ್ರು.

"ಇದು ಯಾರ ಹಾಡು?"

"ನಿಮ್ಮದೇ. ಮೀನು ಸಾರಿಂದು."

"ಓ! ಹಿಂಗಾ ಇರೋದು?"

ಅಲ್ಲಿವರೆಗೂ ನನಗೆ ಹೊಳೆದೇ ಇರಲಿಲ್ಲ. ಈ ಮನುಷ್ಯ ಇಷ್ಟು ವರ್ಷ ಹಾಡಿದಾರೆ, ಒಂದು ದಿನ ತಮ್ಮ ಒಂದು ಹಾಡೂ ಕೇಳಿಲ್ಲ. ನಾನು ಮುಖ ನೋಡದೆ ಅವರ ಹಾಡು ಕೇಳಿದ ಹಾಗೆ, ಅವರು ಕೇಳದೇನೇ ಹಾಡಿಕೊಂಡು ಬಂದಿದಾರೆ. ಒಂದೊಂದು ಹಾಡಿಗೂ ನನ್ನ ಕಡೆ ತಿರುಗಿ, ಇದು ಯಾವುದು, ಅದು ಯಾವುದು ಅಂತ ಮಕ್ಕಳ ಹಾಗೆ ಕೇಳಿದ್ರು, ನಾನು ಹೇಳ್ತಾ ಹೋದೆ.

'ಕೊನೇ ಸ್ಟಾಪು' ಬಂತು. ಮೊದಲ ಎರಡು ನುಡಿ ಅಲ್ಲಲ್ಲಿ ಗುನುಗಾಟ. ಮೂರನೆಯದು ಒಂದು ಮುದುಕಿಯ ನಡುಗೋ ದನಿಯಲ್ಲಿ ಎದ್ದಿತು, ಅದಕ್ಕೆ ಇನ್ನೊಂದು ಸೇರಿತು, ಆಮೇಲೆ ಬಾಗಿಲು ಝುಮ್ಮೆನ್ನೋ ಹಾಗೆ ಅಷ್ಟೂ ಜನ. ಇಳಿಯಬೇಡ, ಇಳಿಯಬೇಡ.

"ವನಮಾಲಾ ಅವರೇ" ಅಂದ್ರು ಕ್ಲೆಮಣ್ಣ, "ನಾನು ಇದನ್ನ ತಮಾಷೆ ಹಾಡು ಅಂದ್ಕೊಂಡಿದ್ದೆ. ಇದು ಇಷ್ಟು ದುಃಖದ ಹಾಡಾ?"

ಅವರು ಮಫ್ಲರನ್ನ ನಿಧಾನಕ್ಕೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡ್ರು. ಬಾಗಿಲ ಕಡೆ ತಿರುಗಿ ಬಾಯಿ ತೆರೆದ್ರು. ಏನೂ ಕೇಳಲಿಲ್ಲ. ಆದ್ರೆ ಕತ್ತಿನ ಎರಡೂ ಪಕ್ಕ ನರ ಉಬ್ಬಿ ಬಂತು, ಹೊಲಿಗೆ ಗುರುತು ಕೆಂಪಗಾಯ್ತು, ಮೇಲಿನ ಜಾಗಕ್ಕೆ ಬಂದಾಗ ಅವರ ಮೈಯೆಲ್ಲ ನಡುಗಿತು, ಬಾಯಿ ಮುಚ್ಚಲಿಲ್ಲ. ಭಯಕ್ಕೆ ನನ್ನ ಕಾಲು ತಾನಾಗೇ ಬ್ರೇಕು ಒತ್ತೋ ಹಾಗೆ ಮೆಟ್ಟಿಲನ್ನ ಒತ್ತಿತು. ಅವರು ನನ್ನನ್ನ ನೋಡಿದ್ರು, ನಾನು ಅವರನ್ನ ನೋಡಿದೆ, ಒಳಗೆ ಊರು ಹಾಡ್ತಾ ಇತ್ತು.

ಮುಗಿದ ಮೇಲೆ ಸ್ವಲ್ಪ ಹೊತ್ತು ಕೆಮ್ಮಿದ್ರು. ನೀರು ಕೊಟ್ಟೆ. ಕುಡಿದು ಬಾಟಲಿ ವಾಪಸ್ ಕೊಟ್ಟು ಕೇಳಿದ್ರು.

"ನೀವೂ ಹಾಡಿದ್ರಾ?"

ಬಾಯಿ ಒಣಗಿತ್ತು. ಯೋಚನೆ ಮಾಡಿದೆ.

"ಗೊತ್ತಿಲ್ಲ ಕ್ಲೆಮಣ್ಣ."

"ನನಗೂ ಗೊತ್ತಿಲ್ಲ" ಅಂದ್ರು. ಮಫ್ಲರನ್ನ ಮಡಚಿ ಜೇಬಿಗೆ ತುರುಕಿಕೊಂಡ್ರು. "ನಿಮ್ಮ ದನಿ ನೀವು ಕೇಳಿದ್ರಲ್ಲ, ಗಂಟಲಿಗೇನೂ ಆಗಿಲ್ಲ ತಾನೇ? ಹಾಗಿದ್ರೆ ನಾಳೆ ಇದೇ ಮೆಟ್ಟಿಲಿಗೆ ಬರೋಕೆ ಎಷ್ಟು ಗಂಟೆಗೆ ಕಾರು ತರ್ತೀರಿ?"